ನಾಲ್ಕಡಿ ಗೋಡೆಗೆ ಮೀನು ಹತ್ತಿಸಿದ್ದು: ನನ್ನ ಅನುಭವ

ಕೊರಟಗೆರೆ ಕಡೆ ಜಯಮಂಗಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಹಳೇ ಕಲ್ಲೊಡ್ಡು ಅದು. ಎತ್ತರ 4 ಅಡಿ ಅಷ್ಟೇ. ಆದ್ರೂ ಹೊಸ ನೀರಿಗೆ ಮೊಟ್ಟೆ ಇಡೋಕೆ ಮೇಲೆ ಹೊರಟ ಗೆಂಡೆ ಮೀನು ಅದರ ಬುಡದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಬಲೆ ಹಿಡಿದವರಿಗೆ ಹಬ್ಬ. ಗೋಡೆ ಕೆಡವದೆ ಮೀನು ಹತ್ತಿಸ್ತೀನಿ ಅಂದಾಗ ನಕ್ಕವರೇ ಜಾಸ್ತಿ.

ಮೊದಲು ಕಾಂಕ್ರೀಟ್ ತೊಟ್ಟಿಗಳ ಮೆಟ್ಟಿಲು ಕಟ್ಟಿಸಿದೆ. ಸುಮಾರು 60 ಸಾವಿರ ನುಂಗಿತು. 2022ರ ಮಳೆಗೆ ತೊಟ್ಟಿಗಳಲ್ಲೆಲ್ಲ ಮರಳು. ಪ್ರತಿ ಸಲ ಬಾಚೋರು ಯಾರು?

ಆಮೇಲೆ ಕಲ್ಲಿನ ಇಳಿಜಾರು. 20 ಅಡಿ ಉದ್ದಕ್ಕೆ 1 ಅಡಿ ಇಳಿತ, ಅಂದ್ರೆ 80 ಅಡಿ. ನೇರ ಹಾಕಿದ್ದಕ್ಕೆ ಅದರ ಬಾಯಿ ಗೋಡೆಯಿಂದ ದೂರ ಹೋಯ್ತು. ಮೀನು ನೀರು ಧುಮುಕುವ ಕಡೆಗೇ ನುಗ್ಗುತ್ತೆ, ಪಕ್ಕದ ದಾರಿ ನೋಡೋದೇ ಇಲ್ಲ. ಅರ್ಧದಲ್ಲಿ ಮಡಚಿ ಬಾಯನ್ನು ಗೋಡೆ ಬುಡಕ್ಕೇ ತಂದೆ. ಕೆಲಸ ಆಗಿದ್ದು ಆಗ!

ಮೇಸ್ತ್ರಿ ಕರಣೆ ಹಿಡಿದು ನುಣ್ಣಗೆ ಮಾಡೋಕೆ ನಿಂತಿದ್ದ. "ಅಣ್ಣಾ, ಹಿಂಗೇ ಬಿಟ್ರೆ ನನ್ನ ಮರ್ಯಾದೆ ಏನಾಗ್ಬೇಕು?" ಬೇಡ ಅಂದೆ. ಗುಂಡುಕಲ್ಲು ಗೇಣುದ್ದ ಮೇಲೆದ್ದಿರಬೇಕು. ಅದರ ಹಿಂದೆ ನೀರಿನ ರಭಸ ಸಾಯುತ್ತೆ, ಮೀನು ಅಲ್ಲಿ ಸುಧಾರಿಸಿಕೊಂಡು ಮತ್ತೆ ನುಗ್ಗುತ್ತೆ. ಮೇಲಿನ ಸಾಲಿನ ಕಲ್ಲು ನೆರೆಗೆ ಕೀಳದ ಹಾಗೆ ಹೇಗೆ ಕೂರಿಸಿದೆ ಅನ್ನೋದು ಮಾತ್ರ ಇಲ್ಲಿ ಬರೆಯಲ್ಲ.

ಇಳಿಜಾರಿಗೆ ನೀರು ಬಿಡೋಕೆ ಗೋಡೆ ಕೊರೆದ್ರೆ ನಿಂತ ನೀರು ಇಳಿದು ಬೋರ್‌ವೆಲ್ ಬತ್ತುತ್ತೆ ಅಂತ ತೋಟದವರಿಗೆ ಭಯ. ಅದಕ್ಕೇ ಗೋಡೆ ತಲೆಯಲ್ಲಿ ಅರ್ಧ ಅಡಿ ಮಾತ್ರ ಕಿಂಡಿ ಕೊರೆಸಿದ್ದು. ಮಳೆ ನಿಂತ ಮೇಲೆ ಹಲಗೆ ಹಾಕ್ತೀವಿ, ನೀರು ಮೊದಲಿನಷ್ಟೇ ನಿಲ್ಲುತ್ತೆ.

ಎಲ್ಲಾ ಸೇರಿ 1.8 ಲಕ್ಷ ಆಗಿರಬಹುದು, ಜೆಸಿಬಿ ಬಾಡಿಗೆಯೇ ಹತ್ತಿರ ಅರ್ಧ. ಕಲ್ಲು ಸಾಗಿಸೋಕೆ ಊರವರ ಟ್ರ್ಯಾಕ್ಟರ್ ಸಿಕ್ಕಿದ್ದು ಪುಣ್ಯ. ಅದಕ್ಕೆ ಬದಲಾಗಿ ಅವರು ಕೇಳಿದ್ದು ಬಟ್ಟೆ ಒಗೆಯೋಕೆ ಅಗಲ ಮೆಟ್ಟಿಲು, ದನ ಇಳಿಯೋಕೆ ಜಾಡು. ಮುಂಚೆ ಪಾಚಿಗಲ್ಲಿನ ಮೇಲೆ ಜಾರಿಯೇ ನೀರಿಗೆ ಇಳಿಯಬೇಕಿತ್ತು. ಈಗ ಅಜ್ಜಿಯರೂ ಬರ್ತಾರೆ. ಮೀನಿಗಿಂತ ಮೆಟ್ಟಿಲಿಗೇ ಹೊಗಳಿಕೆ ಜಾಸ್ತಿ, ಇರಲಿ.

ಸುಮ್ನೆ ಇನ್ನೊಂದು ನೋಡಿದೆ. ಸಣ್ಣ ಮರಿಗಳು ಹತ್ತಲಿ ಅಂತ ಗೋಡೆ ಮೇಲೆ ತೆಂಗಿನ ನಾರಿನ ಚಾಪೆ ಇಳಿಬಿಟ್ಟೆ. ಒಂದೆರಡು ವಾರ ಏನೇನೋ ತೆವಳಿದವು, ಆಮೇಲೆ ನಾರು ಕೊಳೆತು ನಾತ. ಕಿತ್ತು ಬಿಸಾಕಿದೆ.

ಹೋದ ಮಳೆಗಾಲ ಗೆಂಡೆ ಸಾಲುಸಾಲಾಗಿ ಹತ್ತಿದವು. ನಕ್ಕಿದ್ದವರೇ ಈಗ ಕೆಳಗಿನ 6 ಅಡಿ ಒಡ್ಡಿಗೂ ಮಾಡಿಕೊಡು ಅಂತಿದ್ದಾರೆ. ಅದಕ್ಕೆ 120 ಅಡಿ ಇಳಿಜಾರು ಬೇಕು, ಅದನ್ನೂ ಮಡಚಬೇಕು. ಮೊದಲು ದುಡ್ಡು ಕೂಡಿಸಿ ಅಂದಿದ್ದೀನಿ.