ಪಿಂಗ್ ಹೋಯ್ತು, ವಾಪಸ್ ಯಾಕೆ ಬರಲಿಲ್ಲ? ಪ್ಯಾಕೆಟ್ ಟ್ರೇಸರ್‌ನಲ್ಲಿ ರೌಟರ್ ಕಮಾಂಡ್ ಅಭ್ಯಾಸ

ಮಾರತ್ತಹಳ್ಳಿ, ಬಿಟಿಎಂ ಲೇಔಟ್, ರಾಜಾಜಿನಗರ, ಎಲ್ಲಿ ಹೋದರೂ ನೆಟ್‌ವರ್ಕಿಂಗ್ ಕೋರ್ಸ್‌ನ ಬೋರ್ಡ್ ಕಾಣುತ್ತದೆ. ಅಂಥ ಕೋರ್ಸ್ ಮುಗಿಸಿದ ಹುಡುಗ ಹುಡುಗಿಯರ ಜೊತೆ ನಾನು ಸಂಜೆ ಹೊತ್ತು ಅಭ್ಯಾಸಕ್ಕೆ ಕೂರುತ್ತೇನೆ. ಕಮಾಂಡ್‌ಗಳೆಲ್ಲ ಅವರಿಗೆ ಬಾಯಿಪಾಠ. ಆದರೆ ಎರಡು ರೌಟರ್ (ಬೇರೆ ಬೇರೆ ನೆಟ್‌ವರ್ಕ್‌ಗಳನ್ನು ಜೋಡಿಸುವ ಯಂತ್ರ) ಕೊಟ್ಟು, ಈ ತುದಿಯ ಕಂಪ್ಯೂಟರ್‌ನಿಂದ ಆ ತುದಿಗೆ ಪಿಂಗ್ ಮಾಡಿ ಅಂದರೆ ಕೈ ನಿಂತುಬಿಡುತ್ತದೆ. ಪಿಂಗ್ ಅಂದರೆ ಇನ್ನೊಂದು ಯಂತ್ರಕ್ಕೆ ಒಂದು ಚಿಕ್ಕ ಪ್ಯಾಕೆಟ್ (ಮಾಹಿತಿಯ ತುಣುಕು) ಕಳಿಸಿ, ಉತ್ತರ ಬರುತ್ತದಾ ನೋಡುವುದು. ಪಿಂಗ್ ಆಗದಿದ್ದರೆ ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡುತ್ತಾರೆ. ಯಾಕೆ ಆಗಲಿಲ್ಲ ಎಂದು ಹುಡುಕುವುದಿಲ್ಲ. ನಾಳೆ ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಕೆಲಸಕ್ಕೆ ಸೇರಿದಾಗ ಸಂಬಳ ಕೊಡುವುದೇ ಆ ಹುಡುಕಾಟಕ್ಕೆ. ಹಾಗಾಗಿ ಈ ಲೇಖನದಲ್ಲಿ ಪಿಂಗ್ ಕೆಡುವ ಜಾಗಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಯಾವ ಸಾಫ್ಟ್‌ವೇರ್?

ಮೊದಲ ಸಲ ಕಲಿಯುವವರಿಗೆ, ರೌಟರ್ ತಯಾರಿಸುವ ಸಿಸ್ಕೋ ಕಂಪನಿಯದ್ದೇ ಆದ ಪ್ಯಾಕೆಟ್ ಟ್ರೇಸರ್ ಸಾಕು. ಬೇರೆ ಯಾವುದೂ ಬೇಡ. ಇದು ಉಚಿತ. ಸಿಸ್ಕೋ ನೆಟ್‌ವರ್ಕಿಂಗ್ ಅಕಾಡೆಮಿಯ ವೆಬ್‌ಸೈಟ್‌ನಲ್ಲಿ ಖಾತೆ ತೆರೆದು ಇಳಿಸಿಕೊಳ್ಳಬಹುದು. ವಿಂಡೋಸ್, ಉಬುಂಟು, ಮ್ಯಾಕ್ ಮೂರರಲ್ಲೂ ಓಡುತ್ತದೆ. 4 ಜಿಬಿ ರ‍್ಯಾಮ್ ಇರುವ ಹಳೆ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ.

ಸಿಗುವ ದಾರಿ ಇಷ್ಟು ನೇರವಾಗಿದ್ದರೂ ಎಷ್ಟೋ ಜನ ಯಾವುದೋ ಗ್ರೂಪ್‌ನಲ್ಲಿ ಯಾರೋ ಹಾಕಿದ ಫೈಲ್ ಇಳಿಸಿಕೊಳ್ಳುತ್ತಾರೆ. ಬೇಡ. ಹಳೆ ಆವೃತ್ತಿ ಬಂದು ಕೂರುತ್ತದೆ, ಜೊತೆಗೆ ವೈರಸ್ಸೂ ಬರಬಹುದು. ಇನ್ನು ಜಿಎನ್‌ಎಸ್3 ಒಳ್ಳೆಯ ಸಾಫ್ಟ್‌ವೇರ್, ಆದರೆ ಅದು ಎರಡನೇ ಮೆಟ್ಟಿಲು. ಅದರಲ್ಲಿ ರೌಟರ್‌ನ ನಿಜವಾದ ಆಪರೇಟಿಂಗ್ ಸಿಸ್ಟಮ್ಮೇ ಓಡುತ್ತದೆ. ಆ ಇಮೇಜ್ ಫೈಲನ್ನು ನೀವೇ ಲೈಸೆನ್ಸ್ ಪ್ರಕಾರ ತರಬೇಕು. ಸಿಕ್ಕ ಸಿಕ್ಕ ಸೈಟಿನಿಂದ ಇಳಿಸುವಂಥದ್ದಲ್ಲ. ಎಸ್‌ಪಿ ರೋಡ್‌ನಲ್ಲಿ ಹಳೆ ರೌಟರ್ ತಂದು ಕಲಿಯುತ್ತೇನೆ ಅನ್ನುವವರಿಗೂ ನನ್ನ ಮಾತು ಒಂದೇ: ಆರು ತಿಂಗಳು ತಡೆಯಿರಿ. ರೌಟರ್ ಒಂದೇ ಇದ್ದರೆ ರೂಟಿಂಗ್ ಕಲಿಯಲು ಆಗುವುದಿಲ್ಲ. ಅದರ ಫ್ಯಾನ್ ಸದ್ದಿಗೆ ಮನೆಯವರು ಮಲಗಲೂ ಆಗುವುದಿಲ್ಲ.

ಪ್ಯಾಕೆಟ್ ಟ್ರೇಸರ್ ನಿಜವಾದ ರೌಟರ್ ಅಲ್ಲ, ಅದರ ನಡವಳಿಕೆಯನ್ನು ಅನುಕರಿಸುವ ಪ್ರೋಗ್ರಾಂ. ಅದಕ್ಕೆ ಕಲಿಸಿಟ್ಟ ಕಮಾಂಡ್‌ಗಳಷ್ಟೇ ಅದಕ್ಕೆ ಗೊತ್ತು. ಪುಸ್ತಕದಲ್ಲಿದ್ದ ಕಮಾಂಡ್ ಓಡದಿದ್ದರೆ, ಆ ಜಾಗದಲ್ಲಿ ಪ್ರಶ್ನೆಚಿಹ್ನೆ ಒತ್ತಿ. ಪಟ್ಟಿಯಲ್ಲಿ ಅದು ಇಲ್ಲ ಅಂದರೆ ತಪ್ಪು ನಿಮ್ಮದಲ್ಲ, ಮುಂದೆ ಹೋಗಿ.

ಹಂತ 1: ಚಿತ್ರ ಬಿಡಿಸುವುದು

ಎರಡು 2911 ರೌಟರ್, ಎರಡು 2960 ಸ್ವಿಚ್, ಎರಡು ಪಿಸಿ ಎಳೆದು ತಂದು ಹಾಕಿ. ಎಡಗಡೆ ಪಿಸಿ, ಸ್ವಿಚ್, ರೌಟರ್. ಬಲಗಡೆ ರೌಟರ್, ಸ್ವಿಚ್, ಪಿಸಿ. ಪಿಸಿಯಿಂದ ಸ್ವಿಚ್‌ಗೆ, ಸ್ವಿಚ್‌ನಿಂದ ರೌಟರ್‌ಗೆ ಸ್ಟ್ರೇಟ್ ಥ್ರೂ ಕೇಬಲ್. ರೌಟರ್‌ನಿಂದ ರೌಟರ್‌ಗೆ ಕ್ರಾಸ್ ಓವರ್. ರೌಟರ್‌ನಲ್ಲಿ ಸ್ವಿಚ್‌ಗೆ 0/0 ಪೋರ್ಟ್, ಇನ್ನೊಂದು ರೌಟರ್‌ಗೆ 0/1. ಮಿಂಚಿನ ಗುರುತಿನ ಬಟನ್ ಒತ್ತಿದರೆ ಕೇಬಲ್ಲನ್ನು ಅದೇ ಆರಿಸುತ್ತದೆ, ಪೋರ್ಟನ್ನೂ ಅದೇ ಆರಿಸುತ್ತದೆ. ಅದನ್ನು ಮುಟ್ಟಬೇಡಿ. ಯಾವ ಪೋರ್ಟಿಗೆ ಏನು ಹಾಕಿದ್ದೀರಿ ಎಂದು ನಿಮಗೇ ಗೊತ್ತಿಲ್ಲದಿದ್ದರೆ ಮುಂದಿನ ಹಂತದಲ್ಲಿ ತಪ್ಪು ಇಂಟರ್ಫೇಸ್‌ಗೆ ವಿಳಾಸ ಕೊಡುತ್ತೀರಿ.

ಸೀರಿಯಲ್ ಕೇಬಲ್ ಈಗ ಬೇಡ. ಅದಕ್ಕೆ ರೌಟರ್ ಆಫ್ ಮಾಡಿ ಕಾರ್ಡ್ ಸೇರಿಸಬೇಕು, ಒಂದು ತುದಿಯಲ್ಲಿ ಕ್ಲಾಕ್ ರೇಟ್ ಕೊಡಬೇಕು. ರೂಟಿಂಗ್ ಅರ್ಥವಾಗುವ ಮೊದಲೇ ಅದರಲ್ಲಿ ಸಿಕ್ಕಿಕೊಳ್ಳುವುದು ಯಾಕೆ?

ಸ್ವಿಚ್ ಮತ್ತು ಪಿಸಿ ನಡುವಿನ ದೀಪ ಮೊದಲು ಕಿತ್ತಳೆ ಬಣ್ಣದಲ್ಲಿರುತ್ತದೆ. ಕೇಬಲ್ ಕಿತ್ತು ಮತ್ತೆ ಹಾಕಬೇಡಿ. ಸ್ಪ್ಯಾನಿಂಗ್ ಟ್ರೀ (ಮಾಹಿತಿ ಸುತ್ತು ಹೊಡೆಯದಂತೆ ಸ್ವಿಚ್ ಮಾಡುವ ಪರೀಕ್ಷೆ) ಸುಮಾರು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಆಮೇಲೆ ತಾನಾಗಿ ಹಸಿರಾಗುತ್ತದೆ. ರೌಟರ್ ಕಡೆಯ ದೀಪ ಕೆಂಪಾಗಿಯೇ ಉಳಿಯುತ್ತದೆ. ಯಾಕೆ ಅನ್ನುವುದು ಹಂತ 3ರಲ್ಲಿದೆ.

ಹಂತ 2: ಕಾಗದದ ಮೇಲೆ ವಿಳಾಸ

ಎಡಗಡೆ ರೌಟರ್‌ಗೆ ಮಲ್ಲೇಶ್ವರ, ಬಲಗಡೆಯದಕ್ಕೆ ಜಯನಗರ ಎಂದು ಹೆಸರಿಡಿ. ಒಂದು ಅಂಗಡಿಯ ಎರಡು ಶಾಖೆ ಅಂದುಕೊಳ್ಳಿ. ಆರ್1, ಆರ್2 ಅಂತ ಇಟ್ಟರೆ ಹತ್ತು ನಿಮಿಷದಲ್ಲಿ ಯಾವುದು ಯಾವ ಕಡೆ ಎಂದು ಮರೆತುಹೋಗುತ್ತದೆ.

ಮಲ್ಲೇಶ್ವರದ ಒಳಗಿನ ನೆಟ್‌ವರ್ಕ್ 192.168.10.0, ಜಯನಗರದ್ದು 192.168.20.0. ಎರಡಕ್ಕೂ ಮಾಸ್ಕ್ (ವಿಳಾಸದಲ್ಲಿ ನೆಟ್‌ವರ್ಕ್‌ನ ಭಾಗ ಎಷ್ಟು ಎಂದು ಹೇಳುವ ಸಂಖ್ಯೆ) 255.255.255.0. ರೌಟರ್ ವಿಳಾಸ ಕೊನೆಗೆ 1, ಪಿಸಿ ವಿಳಾಸ ಕೊನೆಗೆ 10. ಎರಡು ರೌಟರ್ ನಡುವಿನ ಕೊಂಡಿಗೆ ಮಲ್ಲೇಶ್ವರದ ಕಡೆ 10.0.0.1, ಜಯನಗರದ ಕಡೆ 10.0.0.2. ಅಲ್ಲಿ ಎರಡೇ ವಿಳಾಸ ಸಾಕಲ್ವಾ, ಅದಕ್ಕೆ ಮಾಸ್ಕ್ 255.255.255.252.

ಇದನ್ನು ಪೆನ್ನಿನಲ್ಲಿ ಬರೆದುಕೊಳ್ಳಿ, ಆಮೇಲೆ ಕೀಬೋರ್ಡ್ ಮುಟ್ಟಿ.

ಹಂತ 3: ರೌಟರ್ ಒಳಗೆ

ರೌಟರ್ ಮೇಲೆ ಕ್ಲಿಕ್ ಮಾಡಿದರೆ ಕೆಲವು ಟ್ಯಾಬ್ ಕಾಣುತ್ತವೆ. ಅದರಲ್ಲಿ ಕಾನ್ಫಿಗ್ ಅನ್ನುವ ಟ್ಯಾಬ್‌ನಲ್ಲಿ ಬಾಕ್ಸ್ ತುಂಬಿಸಿದರೆ ಕೆಲಸ ಆಗಿಬಿಡುತ್ತದೆ. ಕಲಿಯುವವರು ಅದನ್ನು ತೆರೆಯಲೇಬಾರದು. ಕಚೇರಿಯ ರೌಟರ್‌ಗೆ ಲಾಗಿನ್ ಆದಾಗ ಆ ಬಾಕ್ಸ್ ಇರುವುದಿಲ್ಲ. ಕಮಾಂಡ್ ಟೈಪ್ ಮಾಡುವ ಸಿಎಲ್‌ಐ ಟ್ಯಾಬ್‌ಗೆ ಹೋಗಿ.

ಶುರುವಿನಲ್ಲಿ ಸೆಟಪ್ ಪ್ರಶ್ನೆ ಕೇಳಿದರೆ ನೋ ಅನ್ನಿ. ಎನೇಬಲ್, ಆಮೇಲೆ ಕಾನ್ಫಿಗರ್ ಟರ್ಮಿನಲ್. ಹೋಸ್ಟ್‌ನೇಮ್ ಕೊಡಿ. ತಕ್ಷಣ ನೋ ಐಪಿ ಡೊಮೈನ್-ಲುಕಪ್ ಕೊಡಿ. ಇದನ್ನು ಬಿಟ್ಟರೆ, ಒಂದು ಅಕ್ಷರ ತಪ್ಪಿದರೂ ರೌಟರ್ ಅದನ್ನು ಯಾವುದೋ ಕಂಪ್ಯೂಟರ್‌ನ ಹೆಸರು ಅಂದುಕೊಂಡು ಹುಡುಕುತ್ತಾ ಕೂರುತ್ತದೆ. ಹಾಗೆ ಸಿಕ್ಕಿಕೊಂಡರೆ ಕಂಟ್ರೋಲ್, ಶಿಫ್ಟ್, 6 ಒಟ್ಟಿಗೆ ಒತ್ತಿ ಬಿಡಿಸಿಕೊಳ್ಳಿ.

ಈಗ ಇಂಟರ್ಫೇಸ್ ಗಿಗಾಬಿಟ್ ಈಥರ್ನೆಟ್ 0/0, ಐಪಿ ಅಡ್ರೆಸ್ 192.168.10.1 255.255.255.0, ನೋ ಶಟ್‌ಡೌನ್. ಈ ಮೂರನೆಯದು ಬಿಟ್ಟುಹೋಗುವುದೇ ಜಾಸ್ತಿ. ರೌಟರ್‌ನ ಇಂಟರ್ಫೇಸ್‌ಗಳು ಹುಟ್ಟಿನಿಂದಲೇ ಮುಚ್ಚಿರುತ್ತವೆ. ದೀಪ ಕೆಂಪಾಗಿದ್ದದ್ದು ಅದಕ್ಕೇ. 0/1ಕ್ಕೂ ಹೀಗೇ ಕೊಂಡಿಯ ವಿಳಾಸ ಕೊಡಿ. ಜಯನಗರದಲ್ಲೂ ಅದೇ ಕ್ರಮ.

ಮುಗಿದ ಮೇಲೆ ಶೋ ಐಪಿ ಇಂಟರ್ಫೇಸ್ ಬ್ರೀಫ್ ನೋಡಿ. ಎರಡೂ ಸಾಲಿನ ಕೊನೆಯಲ್ಲಿ ಅಪ್, ಅಪ್ ಎಂದಿರಬೇಕು. ಅಡ್ಮಿನಿಸ್ಟ್ರೇಟಿವ್ಲಿ ಡೌನ್ ಎಂದಿದ್ದರೆ ನೋ ಶಟ್‌ಡೌನ್ ಬಿಟ್ಟಿದ್ದೀರಿ. ಬರೀ ಡೌನ್ ಎಂದಿದ್ದರೆ ಕೇಬಲ್ ನೋಡಿ, ಇಲ್ಲವೇ ಆ ಕಡೆಯ ಇಂಟರ್ಫೇಸ್ ಇನ್ನೂ ಮುಚ್ಚಿದೆ. ಶೋ ಕಮಾಂಡ್‌ಗಳನ್ನು ಕಾನ್ಫಿಗ್ ಮೋಡ್‌ನಲ್ಲಿ ನಿಂತು ಕೊಟ್ಟರೆ ಇನ್‌ವ್ಯಾಲಿಡ್ ಇನ್‌ಪುಟ್ ಅನ್ನುತ್ತದೆ. ಮುಂದೆ ಡು ಸೇರಿಸಿ, ಓಡುತ್ತದೆ.

ಮೊದಲ ಎರಡು ವಾರ ಕಮಾಂಡ್‌ಗಳನ್ನು ಪೂರ್ತಿ ಟೈಪ್ ಮಾಡಿ. ಕಾನ್ಫ್ ಟಿ ಅಂತ ಚುಟುಕಾಗಿ ಹೊಡೆಯುವುದು ನೋಡಲು ಚೆಂದ, ಆದರೆ ಆ ಟಿ ಏನು ಎಂದು ಕೇಳಿದರೆ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಹಂತ 4: ಪಿಸಿಗಳಿಗೆ ಐಪಿ, ಮಾಸ್ಕ್, ಡೀಫಾಲ್ಟ್ ಗೇಟ್‌ವೇ ಮೂರನ್ನೂ ಡೆಸ್ಕ್‌ಟಾಪ್ ಟ್ಯಾಬ್‌ನಲ್ಲಿ ತುಂಬಿ. ಗೇಟ್‌ವೇ ಅಂದರೆ ಆ ಕಡೆಯ ರೌಟರ್‌ನ ಒಳವಿಳಾಸ.

ಹಂತ 5: ದಾರಿ ತೋರಿಸುವುದು

ಎಲ್ಲರೂ ಎಡವುವ ಜಾಗ ಇದು. ನಿಧಾನವಾಗಿ ಮಾಡಿ.

ಈಗಲೇ, ಯಾವ ರೂಟನ್ನೂ ಹಾಕದೆ, ಮಲ್ಲೇಶ್ವರದ ಪಿಸಿಯಿಂದ 192.168.20.10ಕ್ಕೆ ಪಿಂಗ್ ಮಾಡಿ. ಆಗುವುದಿಲ್ಲ ಎಂದು ಗೊತ್ತಿದ್ದೇ ಮಾಡಿ. ಬರುವ ಉತ್ತರ ಓದಿ: 192.168.10.1ರಿಂದ ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್. ಯಾರು ಹೇಳುತ್ತಿದ್ದಾರೆ ನೋಡಿದಿರಾ? ನಿಮ್ಮದೇ ರೌಟರ್. ಪ್ಯಾಕೆಟ್ ನನ್ನ ತನಕ ಬಂತು, ಮುಂದೆ ಎಲ್ಲಿಗೆ ಕಳಿಸಬೇಕೋ ನನಗೆ ಗೊತ್ತಿಲ್ಲ ಅನ್ನುತ್ತಿದೆ.

ಮಲ್ಲೇಶ್ವರದ ರೌಟರ್‌ನಲ್ಲಿ ಶೋ ಐಪಿ ರೂಟ್ ಕೊಡಿ. ಸಿ ಮತ್ತು ಎಲ್ ಅಕ್ಷರದ ಸಾಲುಗಳು ಕಾಣುತ್ತವೆ. ಸಿ ಅಂದರೆ ನೇರವಾಗಿ ಅಂಟಿಕೊಂಡ ನೆಟ್‌ವರ್ಕ್, ಎಲ್ ಅಂದರೆ ರೌಟರ್‌ನ ಸ್ವಂತ ವಿಳಾಸ. 192.168.20.0 ಎಲ್ಲೂ ಇಲ್ಲ. ರೌಟರ್‌ಗೆ ತನ್ನ ಪಕ್ಕದ್ದಷ್ಟೇ ಗೊತ್ತು. ಪಕ್ಕದ ರೌಟರ್‌ನ ಬೆನ್ನ ಹಿಂದೆ ಏನಿದೆ ಎಂದು ನೀವೇ ಹೇಳಬೇಕು.

ಈಗ ಮಲ್ಲೇಶ್ವರದಲ್ಲಿ ಮಾತ್ರ ಹಾಕಿ: ಐಪಿ ರೂಟ್ 192.168.20.0 255.255.255.0 10.0.0.2. ಮೊದಲು ತಲುಪಬೇಕಾದ ನೆಟ್‌ವರ್ಕ್, ಆಮೇಲೆ ಅದರ ಮಾಸ್ಕ್, ಕೊನೆಗೆ ಯಾರ ಕೈಗೆ ಕೊಡಬೇಕು ಅನ್ನುವುದು. ಇಲ್ಲಿ ಎರಡು ತಪ್ಪು ಮತ್ತೆ ಮತ್ತೆ ನೋಡುತ್ತೇನೆ. ನೆಟ್‌ವರ್ಕ್ ಬದಲು ಪಿಸಿಯ ವಿಳಾಸ ಬರೆಯುವುದು ಒಂದು. ಆಗ ವಿಳಾಸಕ್ಕೂ ಮಾಸ್ಕ್‌ಗೂ ಹೊಂದುವುದಿಲ್ಲ ಎಂದು ರೌಟರ್ ತಿರಸ್ಕರಿಸುತ್ತದೆ. ಕೊನೆಯ ಜಾಗದಲ್ಲಿ ತನ್ನದೇ ವಿಳಾಸ 10.0.0.1 ಬರೆಯುವುದು ಇನ್ನೊಂದು. ಅದು ನಾನೇ, ಇನ್‌ವ್ಯಾಲಿಡ್ ನೆಕ್ಸ್ಟ್ ಹಾಪ್ ಅನ್ನುತ್ತದೆ. ರೌಟರ್ ಇಷ್ಟು ಬಿಡಿಸಿ ಹೇಳುತ್ತದೆ. ಓದುವ ತಾಳ್ಮೆ ನಮಗೆ ಬೇಕು.

ಮತ್ತೆ ಅದೇ ಪಿಸಿಯಿಂದ ಪಿಂಗ್ ಮಾಡಿ. ಈ ಸಲವೂ ಆಗುವುದಿಲ್ಲ. ಆದರೆ ಉತ್ತರ ಬದಲಾಗಿದೆ: ರಿಕ್ವೆಸ್ಟ್ ಟೈಮ್ಡ್ ಔಟ್. ಈ ಎರಡು ಸಾಲುಗಳ ವ್ಯತ್ಯಾಸ ಗೊತ್ತಾದರೆ ನಿಮ್ಮ ಅರ್ಧ ಅಭ್ಯಾಸ ಮುಗಿದ ಹಾಗೆ. ಈಗ ಪ್ಯಾಕೆಟ್ ಜಯನಗರದ ಪಿಸಿಯನ್ನು ಮುಟ್ಟಿದೆ. ಆ ಪಿಸಿ ಉತ್ತರವನ್ನೂ ಕಳಿಸಿದೆ. ಉತ್ತರ ಅನ್ನುವುದು ಬೇರೆಯೇ ಒಂದು ಪ್ಯಾಕೆಟ್, 192.168.10.10ಕ್ಕೆ ಹೊರಟಿದ್ದು. ಜಯನಗರದ ರೌಟರ್‌ಗೆ 192.168.10.0 ಎಲ್ಲಿದೆ ಎಂದು ಯಾರೂ ಹೇಳಿಲ್ಲ. ಬಂದ ದಾರಿಯನ್ನು ಅದು ನೆನಪಿಟ್ಟುಕೊಳ್ಳುವುದೂ ಇಲ್ಲ. ಉತ್ತರವನ್ನು ಅಲ್ಲೇ ಬಿಸಾಡುತ್ತದೆ. ಇತ್ತ ನಿಮ್ಮ ಪಿಸಿ ಕಾದು ಕಾದು ಟೈಮ್ಡ್ ಔಟ್ ಅನ್ನುತ್ತದೆ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುತ್ತದೆ. ಮಲ್ಲೇಶ್ವರದ ರೌಟರ್ ಒಳಗಿನಿಂದಲೇ ಜಯನಗರದ ಪಿಸಿಗೆ ಪಿಂಗ್ ಮಾಡಿ. ಆಗಿಬಿಡುತ್ತದೆ! ರೌಟರ್‌ನಿಂದ ಆಗುತ್ತೆ, ಪಿಸಿಯಿಂದ ಆಗಲ್ಲ, ಹಾಗಾದರೆ ಪಿಸಿಯೇ ಕೆಟ್ಟಿದೆ ಎಂದು ಪಿಸಿಯನ್ನು ಅಳಿಸಿ ಹೊಸದು ಹಾಕುವವರನ್ನು ನೋಡಿದ್ದೇನೆ. ಪಿಸಿ ಕೆಟ್ಟಿಲ್ಲ. ರೌಟರ್ ತಾನು ಕಳಿಸುವ ಪಿಂಗ್‌ಗೆ ಹೊರಡುವ ಬಾಗಿಲಿನ ವಿಳಾಸ ಹಾಕುತ್ತದೆ, ಅಂದರೆ 10.0.0.1. ಆ ನೆಟ್‌ವರ್ಕ್ ಜಯನಗರದ ರೌಟರ್‌ಗೆ ಪಕ್ಕದಲ್ಲೇ ಇದೆ, ಹಾಗಾಗಿ ಉತ್ತರ ವಾಪಸ್ ಬರುತ್ತದೆ. ಬೇಕಿದ್ದರೆ ರೌಟರ್‌ನಲ್ಲಿ ಬರೀ ಪಿಂಗ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಒಂದೊಂದೇ ಪ್ರಶ್ನೆ ಕೇಳುತ್ತದೆ. ಎಕ್ಸ್‌ಟೆಂಡೆಡ್ ಕಮಾಂಡ್ಸ್ ಬಂದಾಗ ವೈ ಎಂದು ಹೇಳಿ, ಸೋರ್ಸ್ ಜಾಗದಲ್ಲಿ 192.168.10.1 ಕೊಡಿ. ಆಗ ರೌಟರ್‌ನ ಪಿಂಗ್ ಕೂಡ ಬೀಳುತ್ತದೆ.

ಈ ತಿಳಿವಳಿಕೆ ದೋಷ ಹುಡುಕಲು ನೇರವಾಗಿ ಬರುತ್ತದೆ. ಟೈಮ್ಡ್ ಔಟ್‌ಗೆ ಜಯನಗರದ ಪಿಸಿಯಲ್ಲಿ ಗೇಟ್‌ವೇ ಬಿಟ್ಟುಹೋದದ್ದೂ ಕಾರಣ ಇರಬಹುದು, ರೌಟರ್‌ನಲ್ಲಿ ವಾಪಸ್ ರೂಟ್ ಇಲ್ಲದ್ದೂ ಇರಬಹುದು. ಯಾವುದು ಎಂದು ತಿಳಿಯಬೇಕಾ? ಮಲ್ಲೇಶ್ವರದ ರೌಟರ್‌ನಿಂದ ಆ ಪಿಸಿಗೆ ಪಿಂಗ್ ಮಾಡಿ. ಪಿಂಗ್ ಆಯಿತು ಅಂದರೆ ಪಿಸಿಯ ಗೇಟ್‌ವೇ ಸರಿಯಿದೆ, ವಾಪಸ್ ರೂಟ್ ಇಲ್ಲ. ಆಗದಿದ್ದರೆ ಮೊದಲು ಗೇಟ್‌ವೇ ನೋಡಿ, ಯಾಕೆಂದರೆ 10.0.0.1ಕ್ಕೆ ಉತ್ತರ ಕೊಡಲೂ ಆ ಪಿಸಿಗೆ ಗೇಟ್‌ವೇ ಬೇಕು. ಜಯನಗರದ ರೌಟರ್‌ನಿಂದ ಪರೀಕ್ಷಿಸಿದರೆ ಇದು ತಿಳಿಯುವುದಿಲ್ಲ. ಅವೆರಡೂ ಒಂದೇ ನೆಟ್‌ವರ್ಕ್‌ನಲ್ಲಿವೆ, ಗೇಟ್‌ವೇ ಇಲ್ಲದೆಯೂ ಮಾತಾಡಿಕೊಳ್ಳುತ್ತವೆ.

ಈಗ ಜಯನಗರದ ರೌಟರ್‌ನಲ್ಲಿ: ಐಪಿ ರೂಟ್ 192.168.10.0 255.255.255.0 10.0.0.1. ಪಿಸಿಯಿಂದ ಪಿಂಗ್ ಮಾಡಿ. ಮೊದಲ ಒಂದೆರಡು ಪ್ಯಾಕೆಟ್ ಬಿದ್ದುಹೋಗಬಹುದು. ದಾರಿಯಲ್ಲಿರುವವರು ಎಆರ್‌ಪಿ ಮೂಲಕ ಒಬ್ಬರ ಮ್ಯಾಕ್ ವಿಳಾಸ (ಹಾರ್ಡ್‌ವೇರ್‌ನ ಸ್ವಂತ ವಿಳಾಸ) ಇನ್ನೊಬ್ಬರು ಕೇಳಿಕೊಳ್ಳುವ ಸಮಯ ಅದು. ಗಾಬರಿಯಾಗದೆ ಇನ್ನೊಮ್ಮೆ ಮಾಡಿ. ಉತ್ತರದ ಕೊನೆಯಲ್ಲಿ ಟಿಟಿಎಲ್ 126 ಎಂದಿರುತ್ತದೆ. ಪಿಸಿ 128ರಿಂದ ಶುರು ಮಾಡುತ್ತದೆ, ಒಂದೊಂದು ರೌಟರ್ ಒಂದೊಂದು ಕಳೆಯುತ್ತದೆ. ನಡುವೆ ಎರಡು ರೌಟರ್ ಇವೆ ಎಂದು ಆ ಸಂಖ್ಯೆಯೇ ಹೇಳುತ್ತಿದೆ.

ಹಂತ 6: ಕಣ್ಣಾರೆ ನೋಡುವುದು

ಕೆಳಗೆ ಬಲಮೂಲೆಯಲ್ಲಿ ರಿಯಲ್‌ಟೈಮ್ ಪಕ್ಕ ಸಿಮ್ಯುಲೇಷನ್ ಅನ್ನುವ ಬಟನ್ ಇದೆ. ನಿಜವಾದ ರೌಟರ್‌ನಲ್ಲಿ ಸಿಗದ ಸೌಲಭ್ಯ ಇದು. ಜಯನಗರದ ರೂಟನ್ನು ಮುಂದೆ ನೋ ಸೇರಿಸಿ ತೆಗೆಯಿರಿ. ಸಿಮ್ಯುಲೇಷನ್‌ಗೆ ಬಂದು ಫಿಲ್ಟರ್‌ನಲ್ಲಿ ಪಿಂಗ್ ಬಳಸುವ ಐಸಿಎಂಪಿ ಒಂದನ್ನೇ ಉಳಿಸಿ. ಇಲ್ಲಿ ಪ್ಯಾಕೆಟ್‌ಗಳು ಲಕೋಟೆಯ ಚಿತ್ರವಾಗಿ ಕಾಣುತ್ತವೆ. ಇಲ್ಲದಿದ್ದರೆ ಸ್ಪ್ಯಾನಿಂಗ್ ಟ್ರೀಯ ಲಕೋಟೆಗಳೇ ಪರದೆ ತುಂಬುತ್ತವೆ. ಪಿಂಗ್ ಕೊಟ್ಟು ಒಂದೊಂದೇ ಹೆಜ್ಜೆ ಮುಂದೆ ಒತ್ತಿ. ಲಕೋಟೆ ಜಯನಗರದ ಪಿಸಿ ತನಕ ಹೋಗಿ, ತಿರುಗಿ ಹೊರಟು, ಜಯನಗರದ ರೌಟರ್‌ನಲ್ಲಿ ಕೆಂಪು ಗುರುತಿನೊಂದಿಗೆ ನಿಲ್ಲುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಮೂರನೇ ಲೇಯರ್‌ನ (ಐಪಿ ವಿಳಾಸ ನೋಡಿ ದಾರಿ ಆರಿಸುವ ಹಂತದ) ವಿವರಣೆ ಓದಿ.

ಹಂತ 7: ಉಳಿಸುವುದು

ರೌಟರ್‌ನಲ್ಲಿ ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟಪ್-ಕಾನ್ಫಿಗ್. ಇದನ್ನು ಕೊಡದೆ ರೌಟರ್‌ನ ಪವರ್ ಬಟನ್ ಆಫ್ ಮಾಡಿ ಆನ್ ಮಾಡಿದರೆ ಮಾಡಿದ್ದೆಲ್ಲ ಹೋಗುತ್ತದೆ. ಪ್ಯಾಕೆಟ್ ಟ್ರೇಸರ್‌ನ ಫೈಲನ್ನು ಸೇವ್ ಮಾಡುವುದು ಬೇರೆ ಕೆಲಸ, ಅದನ್ನೂ ಮಾಡಿ.

ಆಮೇಲೆ ಆ ಫೈಲನ್ನು ಸ್ನೇಹಿತರಿಗೆ ಕಳಿಸಿ, ಒಂದೇ ಒಂದು ಕಡೆ ಕೆಡಿಸಿ ವಾಪಸ್ ಕಳಿಸಲು ಹೇಳಿ. ಒಂದು ಶಟ್‌ಡೌನ್, ಒಂದು ತಪ್ಪು ಮಾಸ್ಕ್, ಅಳಿಸಿದ ಗೇಟ್‌ವೇ, ಏನಾದರೂ ಸರಿ. ಕಾನ್ಫಿಗರೇಷನ್ ಪೂರ್ತಿ ಓದದೆ ಪಿಂಗ್ ಮತ್ತು ಶೋ ಕಮಾಂಡ್‌ಗಳಿಂದಲೇ ಹುಡುಕಿ. ಡಂಪ್ಸ್ (ಪರೀಕ್ಷೆಯಿಂದ ಹೊರಬಿದ್ದ ಪ್ರಶ್ನೋತ್ತರ) ಓದಿ ಪರೀಕ್ಷೆ ಪಾಸಾಗುವ ಅಡ್ಡದಾರಿ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಇಂಟರ್‌ವ್ಯೂನಲ್ಲಿ ಬೋರ್ಡ್ ಮೇಲೆ ಎರಡು ರೌಟರ್ ಬರೆದು ಪಿಂಗ್ ಎಲ್ಲಿ ಬಿತ್ತು ಎಂದು ಕೇಳಿದಾಗ ಆ ಡಂಪ್ಸ್ ಕೈಹಿಡಿಯುವುದಿಲ್ಲ.

ಇದು ಸಲೀಸಾದ ಮೇಲೆ ಇದೇ ಚಿತ್ರದಲ್ಲಿ ಓಎಸ್‌ಪಿಎಫ್ ಹಾಕಿ. ಅದರಲ್ಲಿ ರೌಟರ್‌ಗಳೇ ಒಂದಕ್ಕೊಂದು ದಾರಿ ಹೇಳಿಕೊಳ್ಳುತ್ತವೆ. ನಾವು ಇಲ್ಲಿ ತನಕ ಕೈಯಾರೆ ಹಾಕಿದ್ದು ಸ್ಟ್ಯಾಟಿಕ್ ರೂಟ್. 2020ರ ಫೆಬ್ರವರಿಯಿಂದ ನಡೆಯುತ್ತಿರುವ ಸಿಸ್ಕೋದ ಸಿಸಿಎನ್‌ಎ 200-301 ಪರೀಕ್ಷೆಯಲ್ಲಿ ಸ್ಟ್ಯಾಟಿಕ್ ರೂಟ್ ಮತ್ತು ಓಎಸ್‌ಪಿಎಫ್ ಎರಡೂ ಇವೆ. ಆದರೆ ಮೊದಲು ಎರಡೂ ರೌಟರ್‌ನ ಸ್ಟ್ಯಾಟಿಕ್ ರೂಟ್ ತೆಗೆದುಹಾಕಿ. ಸ್ಟ್ಯಾಟಿಕ್‌ನ ಡಿಸ್ಟೆನ್ಸ್ (ಯಾವ ರೂಟನ್ನು ಹೆಚ್ಚು ನಂಬಬೇಕು ಎಂದು ಹೇಳುವ ಅಂಕಿ) 1, ಓಎಸ್‌ಪಿಎಫ್‌ನದು 110. ಕಡಿಮೆ ಇದ್ದದ್ದೇ ಪಟ್ಟಿಗೆ ಬರುತ್ತದೆ. ಹಳೆಯದನ್ನು ಬಿಟ್ಟರೆ ಶೋ ಐಪಿ ರೂಟ್‌ನಲ್ಲಿ ಎಸ್ ಅಕ್ಷರವೇ ಕಾಣುತ್ತದೆ, ಓಎಸ್‌ಪಿಎಫ್ ಓಡುತ್ತಿದ್ದರೂ ಓಡುತ್ತಿಲ್ಲ ಅಂದುಕೊಳ್ಳುತ್ತೀರಿ. ತೆಗೆದು, ಓಎಸ್‌ಪಿಎಫ್ ಹಾಕಿ, ಒಂದು ನಿಮಿಷ ಏನೂ ಮುಟ್ಟದೆ ಕಾಯಿರಿ. ಈಥರ್ನೆಟ್ ಕೊಂಡಿಯಲ್ಲಿ ಎರಡೂ ರೌಟರ್ ಸೇರಿ ತಮ್ಮಲ್ಲಿ ಒಂದನ್ನು ಮುಖ್ಯವೆಂದು ಆರಿಸುವ ಮೊದಲು 40 ಸೆಕೆಂಡ್ ತನಕ ಕಾಯುತ್ತವೆ. ಆಮೇಲೆ ಶೋ ಐಪಿ ರೂಟ್ ಕೊಟ್ಟು, ಎರಡೂ ರೌಟರ್‌ನಲ್ಲಿ ಓ ಅಕ್ಷರದ ಸಾಲು ಬಂದಿದೆಯಾ ನೋಡಿ. ಒಂದರಲ್ಲೇ ಬಂದಿದ್ದರೆ ಪಿಂಗ್ ಕೊಡುವ ಮೊದಲೇ, ಯಾವ ಉತ್ತರ ಬರುತ್ತದೆ ಎಂದು ಕಾಗದದ ಮೇಲೆ ಬರೆದಿಡಿ.