ಚಾವಣಿಯ ಮಳೆನೀರು, ಟಿ.ಕೆ. ಹಳ್ಳಿಯ ಕರೆಂಟು

ನಾನು ಮನೆ ಪ್ಲಾನ್ ಹಾಕುವ ಸಿವಿಲ್ ಎಂಜಿನಿಯರ್. ಬೆಂಗಳೂರಿನ 30x40 ಸೈಟುಗಳೇ ಜಾಸ್ತಿ. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಇಂಥ ಹೊಸ ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಎಷ್ಟೋ ವರ್ಷ ನಾನು ನಕ್ಷೆಯ ಮೂಲೆಯಲ್ಲಿ ಒಂದು ಇಂಗುಗುಂಡಿ ಬರೆದು ಸುಮ್ನಾಗುತ್ತಿದ್ದೆ. ಅದು ತಪ್ಪು.

ನಾಗರಭಾವಿ ಕಡೆಯ ಒಂದು ಮನೆಯ ಯಜಮಾನಿ ಕೇಳಿದರು: "ನಲ್ಲಿಯಲ್ಲಿ ಕಾವೇರಿ ಬರುತ್ತಲ್ಲ ಸಾರ್, ಇದಕ್ಯಾಕೆ ಮತ್ತೆ ದುಡ್ಡು?"

ಅಲ್ಲೇ ಕೂತು ಲೆಕ್ಕ ಹಾಕಿದೆ. ಕಾವೇರಿ ಇರುವುದು ಸುಮಾರು 100 ಕಿ.ಮೀ. ದೂರದಲ್ಲಿ, ನಮಗಿಂತ ತುಂಬಾ ಕೆಳಗೆ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪ್ ಮಾಡಿ ನೀರನ್ನು ಹತ್ತಿರ ಹತ್ತಿರ 500 ಮೀಟರ್ ಮೇಲೆತ್ತಬೇಕು. ಪಂಪಿನ ನಷ್ಟ ಬಿಟ್ಟು ಬರೀ ಎತ್ತುವುದಕ್ಕೇ ಸಾವಿರ ಲೀಟರಿಗೆ 1.36 ಯೂನಿಟ್ ಕರೆಂಟು ಬೇಕು. ಕಾವೇರಿ ನೀರು ಯೋಜನೆಯ ಮೊದಲ ನಾಲ್ಕು ಹಂತಗಳಲ್ಲಿ ದಿನಕ್ಕೆ 145 ಕೋಟಿ ಲೀಟರ್. ಅಂದರೆ ದಿನಾ ಸುಮಾರು 20 ಲಕ್ಷ ಯೂನಿಟ್! ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಸುಟ್ಟು ಬರುವ ಕರೆಂಟೂ ಅದರಲ್ಲಿ ಸೇರಿದೆ. ಮಳೆ ಮಾತ್ರ ಸೀದಾ ನಮ್ಮ ಚಾವಣಿಗೇ ಬಂದು ಬೀಳುತ್ತದೆ, ಅಲ್ವಾ?

ಆ ಮನೆಯ ಚಾವಣಿ 80 ಚದರ ಮೀಟರ್. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಅದರಲ್ಲಿ 50 ಸಾವಿರ ಲೀಟರ್ ಕೈಗೆ ಸಿಕ್ಕರೂ 68 ಯೂನಿಟ್ ಉಳಿಯಿತು. ಒಂದು ಮನೆಗೆ ಇದು ಚಿಕ್ಕ ಲೆಕ್ಕ. ನಿಯಮ ಇರುವುದು ಇಡೀ ಊರಿಗೆ. ಉಳಿದ ಕರೆಂಟಿನಷ್ಟು ಕಲ್ಲಿದ್ದಲ ಹೊಗೆಯೂ ಕಮ್ಮಿ. ಅದಕ್ಕೇ ಈ ಕಾಯ್ದೆಯನ್ನು ನಾನು ಹವಾಮಾನ ಬದಲಾವಣೆ ತಡೆಯುವ ಕೆಲಸ ಎಂದೇ ನೋಡುತ್ತೇನೆ.

ಚಾವಣಿಗೆ ಒಂದೇ ಮೂಲೆಗೆ ಇಳಿಜಾರು ಕೊಟ್ಟೆ. ಸಂಪಿನ ನಡುವೆ ಗೋಡೆ ಕಟ್ಟಿಸಿ ಕಾವೇರಿಗೆ ಒಂದು ಭಾಗ, ಮಳೆಗೆ ಒಂದು ಭಾಗ ಮಾಡಿಸಿದೆ. ತುಂಬಿ ಹರಿದದ್ದು ಮೂರಡಿ ಅಗಲದ, ಸಿಮೆಂಟ್ ರಿಂಗ್ ಇಳಿಸಿದ ಇಂಗುಬಾವಿಗೆ ಹೋಗುತ್ತದೆ.

ಎಡವಿದ್ದು ಫಿಲ್ಟರಿನಲ್ಲಿ. ಪೈಪಿನ ಮೇಲೆ, ಎಂಟಡಿ ಎತ್ತರದಲ್ಲಿ ಕೂರಿಸಿದ್ದೆ. ಏಣಿ ಹಾಕಿ ತೊಳೆಯುವವರು ಯಾರು? ಎರಡು ತಿಂಗಳಲ್ಲಿ ಜಾಲರಿ ತುಂಬ ಹೊಂಗೆ ಹೂವು, ಧೂಳು ಕಟ್ಟಿ, ನೀರೆಲ್ಲ ಗೋಡೆ ಮೇಲೆ ಇಳಿಯಿತು. ಬಿಚ್ಚಿಸಿ ಸೊಂಟದ ಎತ್ತರಕ್ಕೆ ತಂದೆ. ಪಕ್ಕದಲ್ಲೇ ಮೊದಲ ಮಳೆಯ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಇಟ್ಟೆ. ಮೊದಲ ಹತ್ತು ನಿಮಿಷ ಚಹಾದಂಥ ನೀರು ಬರುತ್ತದೆ. ತಿಳಿಯಾದ ಮೇಲೆ ತಿರುಗಿಸಿದರೆ ಸಾಕು.

ಈಗ ನನ್ನ ಎಲ್ಲ ನಕ್ಷೆಗಳಲ್ಲೂ ಫಿಲ್ಟರಿನ ಎತ್ತರ ಬರೆದಿರುತ್ತದೆ: ಮೂರಡಿ. ಮೇಸ್ತ್ರಿಗೆ ಬಾಯಲ್ಲಿ ಹೇಳಿದರೆ ಮರೆತುಹೋಗುತ್ತದೆ.

ಜೂನಿನ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಆ ತಾಯಿ ಫೋನ್ ಮಾಡಿದರು. "ಮಗ ಸಂಪಿಗೆ ಕೋಲು ಇಳಿಸಿ ಅಳೆದ ಸಾರ್. ಎರಡಡಿ ಮೇಲೆ ನೀರಿದೆ. ಇವತ್ತು ಬಟ್ಟೆ ಒಗೆಯಲು ಅದೇ."