ಎರಡನೆಯ ಡಿಸ್ಕಿನಿಂದಲೂ ಯಂತ್ರ ಏಳಬೇಕು: ಫ್ರೀಬಿಎಸ್‌ಡಿಯಲ್ಲಿ ಮಿರರ್ ಕಟ್ಟಿದ ಅನುಭವ

ತಂದೆಯವರು ಧಾರವಾಡದಲ್ಲಿ ನಡೆಸುತ್ತಿದ್ದ ಫೋಟೊ ಸ್ಟುಡಿಯೊದ ನೆಗೆಟಿವ್‌ಗಳನ್ನು ಎರಡು ವರ್ಷ ಪಟ್ಟುಹಿಡಿದು ಸ್ಕ್ಯಾನ್ ಮಾಡಿ ಮುಗಿಸಿದಾಗ, ಸುಮಾರು 1.4 ಟೆರಾಬೈಟ್‌ನಷ್ಟು ಕಡತಗಳು ನನ್ನ ಮನೆಯಲ್ಲಿ ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ 13.2 ಆವೃತ್ತಿ ಓಡುವ ಯಂತ್ರದ ಒಂದೇ ಒಂದು 4 ಟೆರಾಬೈಟ್ ಡಿಸ್ಕಿನಲ್ಲಿದ್ದವು. ನೆಗೆಟಿವ್‌ಗಳಲ್ಲಿ ಕೆಲವು ಆಗಲೇ ಒಂದಕ್ಕೊಂದು ಅಂಟಿಕೊಂಡು ಹಾಳಾಗಿದ್ದವು, ಹಾಗಾಗಿ ಅವುಗಳನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡುವ ಅವಕಾಶವೂ ಉಳಿದಿರಲಿಲ್ಲ. ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸದೆ, ಇರುವ ಡಿಸ್ಕಿಗೇ ಇನ್ನೊಂದನ್ನು ಜೋಡಿಸಿ ಮಿರರ್ (ಎರಡೂ ಡಿಸ್ಕುಗಳಲ್ಲಿ ಒಂದೇ ದತ್ತಾಂಶದ ಪ್ರತಿ) ಮಾಡಿಕೊಳ್ಳಬೇಕೆಂದು ನಿರ್ಧರಿಸಿದೆ.

ಫ್ರೀಬಿಎಸ್‌ಡಿಯಲ್ಲಿ ಇದಕ್ಕೆ ಎರಡು ದಾರಿಗಳಿವೆ. ಜಿಮಿರರ್ 2004ರ 5.3 ಆವೃತ್ತಿಯಿಂದಲೂ ಇರುವ, ಸರಳವಾದ, ನಂಬಬಹುದಾದ ಸಾಧನ. ಆದರೆ ಎರಡು ಪ್ರತಿಗಳ ನಡುವೆ ವ್ಯತ್ಯಾಸ ಕಂಡುಬಂದಾಗ ಯಾವುದು ಸರಿ ಎಂದು ತೀರ್ಮಾನಿಸುವ ಆಧಾರ ಅದರ ಬಳಿ ಇಲ್ಲ. ಇನ್ನೊಂದು ದಾರಿಯಾದ ಝಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆ ದತ್ತಾಂಶದ ಪ್ರತಿಯೊಂದು ಬ್ಲಾಕಿಗೂ ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ, ಇಟ್ಟುಕೊಳ್ಳುವುದರಿಂದ, ಓದಿದ ಬ್ಲಾಕು ಕೆಟ್ಟಿದ್ದರೆ ಅದನ್ನು ಗುರುತಿಸಿ, ಇನ್ನೊಂದು ಡಿಸ್ಕಿನ ಸರಿಯಾದ ಪ್ರತಿಯನ್ನು ಕೊಟ್ಟು, ಕೆಟ್ಟದ್ದನ್ನೂ ಅಲ್ಲಿಯೇ ಸರಿಪಡಿಸುತ್ತದೆ. ದಶಕಗಳ ಕಾಲ ಉಳಿಯಬೇಕಾದ ಚಿತ್ರಗಳಿಗೆ ಇದು ತಕ್ಕುದೆಂದು ನನಗೆ ಅನಿಸಿತು. ನನ್ನ ಯಂತ್ರದ ಮೂಲ ಪೂಲ್ (ಒಂದು ಅಥವಾ ಹಲವು ಡಿಸ್ಕುಗಳ ಸಂಗ್ರಹಸ್ಥಳ) ಕೂಡ ಝಡ್‌ಎಫ್‌ಎಸ್‌ನಲ್ಲಿಯೇ ಇತ್ತು.

ಎರಡನೆಯ ಡಿಸ್ಕನ್ನು ಬೇರೆ ಅಂಗಡಿಯಿಂದ, ಬೇರೆ ತಯಾರಕರದ್ದನ್ನೇ ಆರಿಸಿ ತಂದೆ. ಒಂದೇ ದಿನ ಒಂದೇ ಪೆಟ್ಟಿಗೆಯಿಂದ ಬಂದ ಎರಡು ಡಿಸ್ಕುಗಳು ಹೆಚ್ಚುಕಡಿಮೆ ಒಟ್ಟಿಗೇ ಕೈಕೊಡಬಹುದೆಂಬ ಭಯ ನನ್ನದು. ಹೊಸ ಪಾರ್ಟಿಷನ್ (ಡಿಸ್ಕಿನ ವಿಭಾಗ) ಹಳೆಯದಕ್ಕಿಂತ ಸ್ವಲ್ಪ ಚಿಕ್ಕದಾದರೂ ಝಡ್‌ಎಫ್‌ಎಸ್ ಅದನ್ನು ಜೋಡಿಸಲು ಒಪ್ಪುವುದಿಲ್ಲವಾದ್ದರಿಂದ, ಎರಡರ ಸೆಕ್ಟರ್ ಸಂಖ್ಯೆಯನ್ನು ಮೊದಲೇ ಹೋಲಿಸಿ ನೋಡಿದೆ. ಬಳಿಕ ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರಗಳನ್ನು ಕಾಗದದ ಚೀಟಿಯಲ್ಲಿ ಬರೆದು ಅದರ ಅಂಚಿಗೆ ಅಂಟಿಸಿ, ಅದೇ ಅಕ್ಷರಗಳನ್ನು ಪಾರ್ಟಿಷನ್ನಿನ ಲೇಬಲ್ ಆಗಿಯೂ ಕೊಟ್ಟೆ. ವ್ಯವಸ್ಥೆ ತಾನಾಗಿ ಡಿಸ್ಕುಗಳಿಗೆ ಕೊಡುವ ಎಡಿಎ0, ಎಡಿಎ1 ಎಂಬ ಹೆಸರುಗಳು ಕೇಬಲ್ ಬದಲಾದರೆ ಅದಲುಬದಲಾಗುತ್ತವೆ. ಕೆಟ್ಟ ಡಿಸ್ಕೆಂದು ಭಾವಿಸಿ ಒಳ್ಳೆಯದನ್ನು ಕಿತ್ತುಹಾಕುವ ಅನಾಹುತಕ್ಕೆ ಅಷ್ಟೇ ಸಾಕು.

ಹಳೆಯ ಡಿಸ್ಕಿನಲ್ಲಿ ಇಎಫ್‌ಐ (ಯಂತ್ರ ಏಳಲು ಬೇಕಾದ ಕಡತಗಳಿಗೆ), ಸ್ವಾಪ್ (ಮೆಮೊರಿ ಸಾಲದಾದಾಗ ಬಳಸಲು), ಝಡ್‌ಎಫ್‌ಎಸ್ ಎಂದು ಮೂರು ಪಾರ್ಟಿಷನ್‌ಗಳಿದ್ದವು. ಪಾರ್ಟಿಷನ್‌ಗಳನ್ನು ನಿರ್ವಹಿಸುವ ಜಿಪಾರ್ಟ್‌ನ ಬ್ಯಾಕಪ್ ಮತ್ತು ರಿಸ್ಟೋರ್ ಆಜ್ಞೆಗಳಿಂದ ಅದೇ ವಿನ್ಯಾಸವನ್ನು ಹೊಸ ಡಿಸ್ಕಿಗೆ ನಕಲಿಸಿದೆ. ರಿಸ್ಟೋರ್ ಆಜ್ಞೆಯ ಮುಂದೆ ತಪ್ಪು ಡಿಸ್ಕಿನ ಹೆಸರು ಬಿದ್ದರೆ ಎಲ್ಲವೂ ಹೋದಂತೆಯೇ ಸರಿ. ಎಂಟರ್ ಒತ್ತುವ ಮುನ್ನ ಚೀಟಿಯನ್ನೂ ಪರದೆಯನ್ನೂ ಎರಡೆರಡು ಬಾರಿ ತಾಳೆ ನೋಡಿದೆ.

ಮುಂದಿನ ಹೆಜ್ಜೆ ಝಡ್‌ಪೂಲ್ ಅಟ್ಯಾಚ್ ಎಂಬ ಆಜ್ಞೆ. ಇಲ್ಲಿ ಬಹಳ ಎಚ್ಚರ ಬೇಕು, ಏಕೆಂದರೆ ಆ್ಯಡ್ ಎಂಬ ಇನ್ನೊಂದು ಆಜ್ಞೆಯೂ ಇದೆ. ಅಟ್ಯಾಚ್ ಹೊಸ ಡಿಸ್ಕನ್ನು ಹಳೆಯದರ ಪ್ರತಿರೂಪವನ್ನಾಗಿ ಮಾಡುತ್ತದೆ. ಆ್ಯಡ್ ಅದನ್ನು ಪೂಲಿಗೆ ಹೆಚ್ಚುವರಿ ಜಾಗವಾಗಿ ಸೇರಿಸುತ್ತದೆ, ಆಗ ಎರಡರಲ್ಲಿ ಯಾವುದೊಂದು ಕೆಟ್ಟರೂ ಇಡೀ ಪೂಲ್ ಹೋಗುತ್ತದೆ. ಒಂಟಿ ಡಿಸ್ಕಿನ ಪೂಲಿಗೆ ಇನ್ನೊಂದು ಒಂಟಿ ಡಿಸ್ಕನ್ನು ಆ್ಯಡ್ ಮಾಡಿದರೆ ವ್ಯವಸ್ಥೆ ಯಾವ ಆಕ್ಷೇಪವನ್ನೂ ಎತ್ತುವುದಿಲ್ಲ. ಆಜ್ಞೆ ಕೊಟ್ಟ ಕೂಡಲೇ ಝಡ್‌ಪೂಲ್ ಸ್ಟೇಟಸ್ ತೆಗೆದು, ಮಿರರ್-0 ಎಂಬ ಸಾಲಿನ ಕೆಳಗೆ ಎರಡೂ ಲೇಬಲ್‌ಗಳು ಇರುವುದನ್ನು ಕಂಡ ಮೇಲೆಯೇ ನಾನು ಕುರ್ಚಿಯಿಂದ ಎದ್ದದ್ದು. ಝಡ್‌ಎಫ್‌ಎಸ್ ಬಳಕೆಯಲ್ಲಿರುವ ಬ್ಲಾಕುಗಳನ್ನು ಮಾತ್ರ ನಕಲಿಸುವುದರಿಂದ ರಿಸಿಲ್ವರ್ (ಹೊಸ ಡಿಸ್ಕಿಗೆ ನಕಲಿಸುವ ಕೆಲಸ) ನಾಲ್ಕೂವರೆ ಗಂಟೆಯಲ್ಲಿ ಮುಗಿಯಿತು. ನಡುವೆ ಒಮ್ಮೆ ಕರೆಂಟ್ ಹೋಯಿತು. ಯುಪಿಎಸ್ ಇದ್ದುದರಿಂದ ಕೆಲಸ ನಿಲ್ಲಲಿಲ್ಲ.

ಸ್ವಾಪ್ ಪಾರ್ಟಿಷನ್‌ಗಳೆರಡನ್ನು ಜಿಮಿರರ್‌ನಿಂದ ಜೋಡಿಸಿದೆ, ಏಕೆಂದರೆ ಸ್ವಾಪ್ ಇರುವ ಡಿಸ್ಕ್ ನಡುವೆ ಸತ್ತರೆ ಓಡುತ್ತಿರುವ ಪ್ರೋಗ್ರಾಮ್‌ಗಳೂ ಅದರೊಂದಿಗೆ ಬೀಳುತ್ತವೆ.

ಎಲ್ಲವೂ ಆನ್‌ಲೈನ್ ಎಂದು ತೋರಿಸುತ್ತಿತ್ತು. ಆದರೂ ಮರುದಿನ ಬೆಳಿಗ್ಗೆ ಯಂತ್ರವನ್ನು ಆಫ್ ಮಾಡಿ, ಹಳೆಯ ಡಿಸ್ಕಿನ ಕೇಬಲ್ ಬಿಚ್ಚಿ, ಹೊಸದೊಂದರಿಂದಲೇ ಎಬ್ಬಿಸಲು ನೋಡಿದೆ. ಯಂತ್ರ ಏಳಲಿಲ್ಲ, ಬೂಟ್ ಮಾಡಬಹುದಾದ ಸಾಧನವೇ ಇಲ್ಲ ಎಂಬ ಸಂದೇಶ ಬಂತು. ಕಾರಣ ತಿಳಿದಾಗ ಎಷ್ಟು ದೊಡ್ಡ ಲೋಪವನ್ನು ಉಳಿಸಿದ್ದೆನೆಂದು ಅರಿವಾಯಿತು: ಅಟ್ಯಾಚ್ ನಕಲಿಸುವುದು ಝಡ್‌ಎಫ್‌ಎಸ್ ಪಾರ್ಟಿಷನ್ನನ್ನು ಮಾತ್ರ. ಇಎಫ್‌ಐ ಪಾರ್ಟಿಷನ್ ಮಿರರ್‌ನ ಹೊರಗಿದ್ದು, ಹೊಸ ಡಿಸ್ಕಿನಲ್ಲಿ ಅದು ಖಾಲಿಯಾಗಿಯೇ ಉಳಿದಿತ್ತು. ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ, ಹೊಸದರ ಇಎಫ್‌ಐ ಪಾರ್ಟಿಷನ್ನನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಬೂಟ್ ಕೋಶದಲ್ಲಿರುವ, ವ್ಯವಸ್ಥೆಯನ್ನು ಎಬ್ಬಿಸುವ ಲೋಡರ್ ಕಡತವನ್ನು ಫರ್ಮ್‌ವೇರ್ (ಯಂತ್ರದೊಳಗಿನ ಮೂಲ ತಂತ್ರಾಂಶ) ತಾನಾಗಿ ಹುಡುಕುವ ಹೆಸರಿನಲ್ಲಿ ಅಲ್ಲಿಗೆ ನಕಲಿಸಿದೆ. ಈ ಬಾರಿ ಹೊಸ ಡಿಸ್ಕೊಂದರಿಂದಲೇ ಯಂತ್ರ ಎದ್ದಿತು. ಒಂದು ಡಿಸ್ಕ್ ಇಲ್ಲದ್ದರಿಂದ ಪೂಲ್ ಡಿಗ್ರೇಡೆಡ್ ಎಂದು ತೋರಿಸಿದರೂ ಚಿತ್ರಗಳೆಲ್ಲ ತೆರೆದವು. ಆ ಸ್ಥಿತಿಯಲ್ಲಿ ಕೆಲವು ಕಡತಗಳನ್ನು ಬರೆದು, ಆಮೇಲೆ ಹಳೆಯ ಡಿಸ್ಕನ್ನು ಸೇರಿಸಿದಾಗ, ಅದು ತಪ್ಪಿಸಿಕೊಂಡಿದ್ದ ಬರಹವನ್ನಷ್ಟೇ ಕೆಲವು ಸೆಕೆಂಡುಗಳಲ್ಲಿ ತುಂಬಿಕೊಂಡಿತು. ಇದೇ ಪರೀಕ್ಷೆಯನ್ನು ಇನ್ನೊಂದು ಡಿಸ್ಕಿನ ಮೇಲೂ ನಡೆಸಿದೆ.

ಫ್ರೀಬಿಎಸ್‌ಡಿ 14.0ಕ್ಕೆ ಏರುವಾಗಲೂ ಲೋಡರ್ ಮಿರರ್‌ನ ಹೊರಗಿರುವುದು ನೆನಪಿನಲ್ಲಿತ್ತು. ಹಳೆಯ ಲೋಡರ್‌ಗೆ ಪೂಲಿನ ಹೊಸ ವೈಶಿಷ್ಟ್ಯಗಳು ಅರ್ಥವಾಗದೆ ಹೋಗಬಹುದಾದ್ದರಿಂದ, ಎರಡೂ ಡಿಸ್ಕುಗಳ ಲೋಡರ್ ಬದಲಿಸುವವರೆಗೆ ಝಡ್‌ಪೂಲ್ ಅಪ್‌ಗ್ರೇಡ್ ಆಜ್ಞೆಯನ್ನು ಮುಟ್ಟಲಿಲ್ಲ.

ನಿಗದಿತ ಕೆಲಸಗಳನ್ನು ತಾನಾಗಿ ನಡೆಸುವ ಪೀರಿಯಾಡಿಕ್‌ನ ಸಂರಚನೆಯಲ್ಲಿ ಸ್ಕ್ರಬ್ ಅನ್ನು ಸಕ್ರಿಯಗೊಳಿಸಿದ್ದೇನೆ. ಪೂರ್ವನಿಯೋಜಿತವಾಗಿ ಅದು 35 ದಿನಗಳಿಗೊಮ್ಮೆ ಇಡೀ ಪೂಲನ್ನು ಓದಿ ಪರಿಶೀಲಿಸುತ್ತದೆ. ಐದನೆಯ ಸ್ಕ್ರಬ್‌ನಲ್ಲಿ ಒಂದು ಡಿಸ್ಕಿನ ಚೆಕ್‌ಸಮ್ ಅಂಕಣದಲ್ಲಿ 3 ಎಂದು ಕಂಡಿತು. ಕೆಟ್ಟಿದ್ದ ಬ್ಲಾಕುಗಳು ಆಗಲೇ ದುರಸ್ತಿಯಾಗಿದ್ದವು, ಒಂದು ಚಿತ್ರವೂ ಹೋಗಿರಲಿಲ್ಲ. ಸಾಟಾ ಕೇಬಲ್ ಬದಲಿಸಿ, ಎಣಿಕೆಯನ್ನು ತೆರವುಗೊಳಿಸಿ, ಇನ್ನೊಮ್ಮೆ ಸ್ಕ್ರಬ್ ನಡೆಸಿದೆ. ಅಂದಿನಿಂದ ಆ ಅಂಕಣ ಸೊನ್ನೆಯಲ್ಲಿಯೇ ಇದೆ.

ಕಣ್ತಪ್ಪಿನಿಂದ ಒಂದು ಕೋಶವನ್ನು ಅಳಿಸಿದರೆ ಮಿರರ್ ಅದನ್ನು ಎರಡೂ ಕಡೆ ಅದೇ ಕ್ಷಣದಲ್ಲಿ ಅಳಿಸುತ್ತದೆ. ಆದ್ದರಿಂದ ಪ್ರತಿ ಭಾನುವಾರ ಸ್ನ್ಯಾಪ್‌ಶಾಟ್ (ಆ ಕ್ಷಣದ ಕಡತಗಳ ಸ್ಥಿತಿಯ ದಾಖಲೆ) ತೆಗೆದು, ಝಡ್‌ಎಫ್‌ಎಸ್ ಸೆಂಡ್ ಮೂಲಕ ಮೂರನೆಯ ಡಿಸ್ಕಿಗೆ ಕಳುಹಿಸುತ್ತೇನೆ; ಆ ಡಿಸ್ಕ್ ವಾರದ ಉಳಿದ ದಿನಗಳಲ್ಲಿ ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿರುತ್ತದೆ.